ಅಳಿಯನ ಹೆಸರಿನ ಹುಂಜ

ಮನೆಯಲ್ಲಿ ಕೋಳಿ ಸಾಕಿದವನಿಗೆ ಆ ಕೋಳಿ ತಿನ್ನುವ ಯೋಗವಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಸಣ್ಣವನಿದ್ದಾಗಲೇ ಸಾಲಿ ಬಿಟ್ಟವನು. ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಚೀಲ ಹೊತ್ತು ಬೀದರಿನಲ್ಲೇ ಸ್ವಂತ ಮನೆ ಕಟ್ಟಿದವನು. ಹಿತ್ತಲಿನಲ್ಲಿ ಜವಾರಿ ಕೋಳಿ ಸಾಕಿದ್ದು ಪ್ರೀತಿಗಲ್ಲ, ತಿನ್ನಲಿಕ್ಕೆ. ಯಾರು ಕೇಳಿದರೂ ಎದೆ ಉಬ್ಬಿಸಿ ಹಾಗೇ ಹೇಳುತ್ತೇನೆ. ಆದರೆ ನಮ್ಮ ಮನೆಯ ರೂಢಿ, ಬಲಿತ ಹುಂಜ ಅಳಿಯ ಬಂದಾಗಲೇ ಕೊಯ್ಯಬೇಕು. ಮಗಳು ಶೋಭಾಳನ್ನು ಭಾಲ್ಕಿ ಕಡೆಯ ಸಾಯಗಾಂವಕ್ಕೆ ಕೊಟ್ಟ ಮೇಲೆ ಒಂದು ಕೆಂಪು ಹುಂಜ ಅಳಿಯನ ಹೆಸರಿನಲ್ಲಿ ಜೋಳ ತಿನ್ನುತ್ತ ಬೆಳೆಯಿತು.

ಮಗಳು ಮಾತ್ರ ಬರಲಿಲ್ಲ. ಸೋಯಾ ರಾಶಿ, ಅತ್ತೆಯ ಮೊಣಕಾಲು ನೋವು, ಏನೋ ಒಂದು. "ನೆನಪಾಗ್ತದ, ಬಾ" ಎನ್ನಲು ನನಗೆ ಬಾಯಿ ಬರುವುದಿಲ್ಲ. "ಹುಂಜ ಬಲಿತು ಕಟಿಗಿ ಆಗ್ಲತ್ತದ, ನಿನ್ ಗಂಡಗ ಹೇಳು" ಎಂದು ಫೋನಿನಲ್ಲಿ ಗದರುತ್ತಿದ್ದೆ. ಸಂಜೆ ಅವಳು ಕೂಡುತ್ತಿದ್ದ ಕಟ್ಟೆಯ ಮೇಲೆ ಹುಂಜ ಕೂತಿರುತ್ತಿತ್ತು. ಓಡಿಸಲು ಮನಸ್ಸಾಗುತ್ತಿರಲಿಲ್ಲ.

ಒಂದು ದಿನ ಏನೋ ಕೆಲಸಕ್ಕೆಂದು ಅಳಿಯ ಒಬ್ಬನೇ ಬಂದ. ಹೆಂಡತಿ ಮಸಾಲಿ ಅರೆಯಲು ಕೂತಳು. ಕೊಯ್ದುಕೊಡಲು ಪಕ್ಕದ ಮನೆಯ ಮುಲ್ಲಾ ಚಾಚಾ ಚೂರಿ ಹಿಡಿದು ಹಿತ್ತಲಿಗೆ ಬಂದರು. ಈ ಹುಂಜ ಹೋದರೆ ಮಗಳನ್ನು ಕರೆಯಲು ನನ್ನ ಹತ್ತಿರ ಉಳಿಯುವುದೇನು? "ಚಾಚಾ, ಇದನ್ನ ನಿಮ್ ಮನ್ಯಾಗ ಇಟ್ಕೋರಿ" ಎಂದು ಹುಂಜವನ್ನು ಅವರ ಕಂಕುಳಿಗೆ ತುರುಕಿದೆ.

"ಅರೇ ಭಾಯಿ, ಕೊಯ್ಲಿಕ್ಕ ಕರ್ದು ಸಾಕ್ಲಿಕ್ಕ ಕೊಡ್ತೀಯಲ್ಲೋ!" ಎಂದು ಚಾಚಾ ನಕ್ಕರು. ನಾನು ಅಂಗಡಿಗೆ ಓಡಿ ಬಾಯ್ಲರ್ ಕೋಳಿ ತಂದೆ. ಹೆಂಡತಿ ಮಾಂಸ ನೋಡಿದಳು, ನನ್ನ ಮುಖ ನೋಡಿದಳು, ಪಾತ್ರೆ ಒಲೆಗೇರಿಸಿದಳು.

ಅಳಿಯ ರೊಟ್ಟಿ ಮುರಿದು ಅದ್ದಿ, "ಮಾಮಾ, ಕಟಿಗಿ ಆಗ್ಯದ ಅಂದಿದ್ರಿ, ಬೆಣ್ಣಿ ಆಗ್ಯದಲ್ರೀ!" ಎಂದ. ಅಷ್ಟರಲ್ಲಿ ಗೋಡೆಯಾಚೆಯಿಂದ ಹುಂಜ ಕೂಗಿತು. ಅದರ ಒಡಕು ದನಿ ಫೋನಿನಲ್ಲಿ ಕೇಳಿ ಕೇಳಿ ಅವನಿಗೂ ಗುರುತು. "ಹುಂಜ ನನ್ ಹೊಟ್ಯಾಗ ಅದ, ಕೂಗೋದು ಆಚೀ ಮನ್ಯಾಗ. ಇದು ಹ್ಯಾಂಗರಿ ಮಾಮಾ?"

"ಮಗಳಿಗಂತ ಮುಚ್ಚಿಟ್ಟಾರ್ರಿ" ಎಂದಳು ಹೆಂಡತಿ. "ಬಾಯಿ ಬಿಟ್ಟು ಬಾ ಅನ್ಲಿಕ್ಕ ಸೊಕ್ಕು."

ನಾನು ಅಳಿಯನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮುಂದಿನ ಆದಿತ್ಯವಾರ ಅಳಿಯನೇ ಶೋಭಾಳನ್ನು ಕರೆತಂದ. "ಎಲ್ಲಿ ಅದಪ್ಪಾ ನಿನ್ ಕಟಿಗಿ ಹುಂಜ?" ಎಂದು ಬಾಗಿಲಲ್ಲೇ ಕೇಳಿದಳು. ಚಾಚಾ ಹುಂಜ, ಚೂರಿ ಎರಡನ್ನೂ ತಂದರು. ಮಗಳು ಸಂಜೆಯ ಬಸ್ಸಿಗೇ ಹೊರಡುವವಳು. ಇವತ್ತು ತಿಂದುಬಿಟ್ಟರೆ ಮುಂದಿನ ಸಲ ಏನು ಹೇಳಿ ಗದರಲಿ? ಹುಂಜವನ್ನು ಕಟ್ಟೆಗೆ ಬಿಟ್ಟು ಮತ್ತೆ ಬಾಯ್ಲರ್ ಅಂಗಡಿಗೆ ಓಡಿದೆ.

ಈಗ ನಾನು ದೂರದಲ್ಲಿ ಕಂಡರೆ ಸಾಕು, ಬಾಯ್ಲರ್ ಅಂಗಡಿಯವ ಕೋಳಿ ತೂಗಲು ಶುರು ಮಾಡುತ್ತಾನೆ. ಹುಂಜ ಕಟ್ಟೆಯ ಮೇಲಿದೆ. ಯಾರಾದರೂ ಕೇಳಿದರೆ ಮಾತ್ರ ಹೇಳಿರಿ, ನಾನು ಕೋಳಿ ಸಾಕುವುದು ತಿನ್ನಲಿಕ್ಕೆ.