ದೊಡ್ಡಪ್ಪ ಕೋವಿ ಆರಿಸಿದ್ದು

ನಮ್ಮ ದೊಡ್ಡಪ್ಪ ಬೇಟೆಗಾರರು ಎಂದರೆ ಮುಂಬಯಿಯ ಮಾಟುಂಗದ ಸೊಳ್ಳೆಗಳೂ ನಕ್ಕಾವು. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತು ನಿವೃತ್ತರಾದ ಇವರು ಜಿರಳೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಮೆಟ್ಟಿಲ ತನಕ ಬಿಟ್ಟು ಬರುವವರು! ಅಂಥವರು ಕಳೆದ ವರ್ಷ ಮೂರು ತಿಂಗಳು ಒಂದೇ ಕೆಲಸ ಮಾಡಿದರು: ಬೇಟೆಯ ಕೋವಿ ಆರಿಸುವುದು.

ಕಾರಣ ದೊಡ್ಡಮ್ಮನ ಕೆಮ್ಮು. ಬಾಲ್ಕನಿಗೆ ಬರುವ ಪಾರಿವಾಳಗಳಿಂದಲೇ ಅವರ ಶ್ವಾಸಕೋಶ ಕೆಡುತ್ತಿದೆ, ಅವು ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಬಲೆ ಹಾಕಿಸೋಣವೆಂದರೆ ದೊಡ್ಡಮ್ಮ ಒಪ್ಪಲಿಲ್ಲ. "ಜೈಲಿನ ಹಾಗೆ ಕಾಣ್ತದೆ, ನನಗೆ ಉಸಿರೇ ಕಟ್ತದೆ." ಬಾಲ್ಕನಿಯ ಬಾಗಿಲು ಮುಚ್ಚಿದರೂ ಅದೇ ಮಾತು.

"ಹಾಗಾದ್ರೆ ಉಳಿದದ್ದು ಕೋವಿ" ಎಂದರು ದೊಡ್ಡಪ್ಪ, ಕೊತ್ತಂಬರಿ ಇಲ್ಲದಿದ್ದರೆ ಕರಿಬೇವು ಹಾಕಿ ಎನ್ನುವ ಧಾಟಿಯಲ್ಲಿ.

ಇಂಗ್ಲಿಷ್ ಓದಿ ಹೇಳಲು ಪ್ರತಿ ಭಾನುವಾರ ನನಗೆ ಬುಲಾವ್. ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಕಾಡುಹಂದಿ, ಕರಡಿ ಹೊಡೆಯುವ ರೈಫಲ್ಲುಗಳ ವಿವರ.

"ಕರಡಿಗೆ ಆಗುವುದು ಪಾರಿವಾಳಕ್ಕೂ ಆದೀತಲ್ಲ ಮಾರಾಯ್ತಿ?"

"ಆಗ್ತದೆ ದೊಡ್ಡಪ್ಪ. ಎದುರು ಬಿಲ್ಡಿಂಗ್ ಉಳಿಯುವುದಿಲ್ಲ, ಅಷ್ಟೆ."

ಕೋವಿ ಕೊಳ್ಳುವ ಮುನ್ನ ನಿಮ್ಮ ಅಗತ್ಯಗಳೇನೆಂದು ತಿಳಿದುಕೊಳ್ಳಿ ಎಂದು ಒಂದು ಕಡೆ ಇತ್ತು. ದೊಡ್ಡಪ್ಪ ಕೂಡಲೇ ಪಟ್ಟಿ ಮಾಡಿದರು. ಹಗುರ ಇರಬೇಕು, ಹರ್ನಿಯಾ ಆಪರೇಷನ್ ಆಗಿದೆ. ಶಬ್ದ ಇರಬಾರದು, ಸೊಸೈಟಿಯ ಸೆಕ್ರೆಟರಿ ಮಧ್ಯಾಹ್ನ ಮಲಗುತ್ತಾರೆ. ಲೋಕಲ್ ರೈಲಿನಲ್ಲಿ ತರುವಂತಿರಬೇಕು. ಕೊನೆಗೆ, ಅಡಿಗೆರೆ ಎಳೆದು: ಹಕ್ಕಿಗೆ ನೋವಾಗಬಾರದು!

ಬೈಕುಲ್ಲಾದ ಕೋವಿ ಅಂಗಡಿಯ ಮುದುಕ ನನ್ನ ಬಾಯಿಂದ ಈ ಪಟ್ಟಿಯನ್ನು ಎರಡು ಸಲ ಹೇಳಿಸಿಕೊಂಡ.

"ಸಾಬ್, ಶಿಕಾರ್ ತೋ ಬಂದ್ ಹೈ. ಮಾರನಾ ಕಿಸ್ಕೋ ಹೈ?" ಬೇಟೆಗೇ ನಿಷೇಧವಿದೆ, ಹೊಡೆಯುವುದು ಯಾರನ್ನು ಎಂದು ಅವನ ಪ್ರಶ್ನೆ.

"ಮಾರನಾ ನಹೀ. ಖಾಲಿ ಡರಾನಾ ಹೈ" ಎಂದರು ದೊಡ್ಡಪ್ಪ. ಹೊಡೆಯಲಿಕ್ಕಲ್ಲ, ಹೆದರಿಸಲಿಕ್ಕೆ ಮಾತ್ರ!

"ಡರೇಗಾ ಕೌನ್?" ಹೆದರುವುದು ಯಾರು ಎಂದ.

"ಕಬೂತರ್."

ಮುದುಕ ಗೌರವದಿಂದ ಎದ್ದು ನಿಂತು ಚಹಾ ತರಿಸಿದ. ಆ ಅಂಗಡಿಗೆ ಇಂಥ ಗಿರಾಕಿ ಅದುವರೆಗೆ ಬಂದಿರಲಿಲ್ಲವಂತೆ. ಕೊನೆಗೆ ಲೈಸೆನ್ಸ್ ಬೇಡದ ಒಂದು ಏರ್‌ಗನ್ ಕೊಟ್ಟ, ಇಷ್ಟವಾಗದಿದ್ದರೆ ವಾಪಸು ತನ್ನಿ ಎಂದೂ ಹೇಳಿದ.

ಮನೆಗೆ ಬಂದ ಮೇಲೆ ತಿಳಿಯಿತು: ಬಾಲ್ಕನಿ ಮೂರಡಿ, ಕೋವಿ ಮೂರೂವರೆ! ದೊಡ್ಡಪ್ಪ ಹೇಗೆ ತಿರುಗಿದರೂ ತುದಿ ಪಕ್ಕದ ಮನೆಯ ಮರಾಠಿ ಕಾಕುವಿನ ತುಳಸಿಗೆ ತಾಗುತ್ತಿತ್ತು.

"ಅಹೋ ಕಾಕಾ, ತುಳಶೀಲಾ ಕಾ ಮಾರತಾ?"

"ತುಳಸಿಗಲ್ಲ ಕಾಕು, ಕಬೂತರ್!"

ಕಾಕು ಬೆರಳು ತೋರಿಸಿದರು. ಕಬೂತರ್ ದೊಡ್ಡಪ್ಪನ ಬೆನ್ನ ಹಿಂದೆ, ಒಣಹಾಕಿದ ಅವರದೇ ಅಂಗಿಯ ಮೇಲೆ ಕುಳಿತು ಈ ತಯಾರಿಯನ್ನೆಲ್ಲ ನೋಡುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಹೊಸ ಆಯುಧ ಬಂದ ಮೇಲೆ ಬಿಡಲಾದೀತೇ? ಒಳಗೆಲ್ಲ ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆಗಳೇ ತುಂಬಿದ್ದರಿಂದ ಕೋವಿಗೆ ಬಾಲ್ಕನಿಯಲ್ಲಿ ಸ್ಟೂಲು ಹಾಕಿ, ಕುಂಕುಮ, ಚೆಂಡುಹೂ ಏರಿಸಿ, ಮುಂದೆ ಸಿಹಿ ಅವಲಕ್ಕಿ ಇಟ್ಟರು. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲವಲ್ಲ! ಪಾರಿವಾಳಗಳು ನೆಂಟರಿಷ್ಟರ ಸಮೇತ ಬಂದು ಅವಲಕ್ಕಿ ತಿಂದವು. ಒಂದಂತೂ ನಳಿಗೆಯ ಮೇಲೆಯೇ ಕುಳಿತು, ಕಾಲಿಗೆ ಕುಂಕುಮ ಹಚ್ಚಿಕೊಂಡು ಹೋಯಿತು.

"ಪೂಜೆಯ ದಿನ ಓಡಿಸಬಾರದು" ಎಂದರು ದೊಡ್ಡಪ್ಪ.

ಮರುದಿನ ದೊಡ್ಡಮ್ಮನ ಕೆಮ್ಮು ಹೆಚ್ಚಾಯಿತು. ದೊಡ್ಡಪ್ಪ ಕೋವಿಯನ್ನು ಅಂಗಡಿಗೆ ಹಿಂತಿರುಗಿಸಿ ಬಂದರು.

ಆಮೇಲೊಮ್ಮೆ ದೊಡ್ಡಮ್ಮ ಫೋನಿನಲ್ಲಿ ಹೇಳಿದರು: "ಈಗೀಗ ಊಟ ಆಗಿ ನಾನು ಮಲಗಿದ್ದೇ ತಡ, ಗೆಳೆಯರ ಹತ್ತಿರ ಹರಟೆಗೆ ಅಂತ ಹೋಗ್ತಾರೆ. ನನ್ನ ಕೆಮ್ಮು ಕೇಳಿ ಬೇಸರ ಬಂತೋ ಎಂತದೋ."

ಮುಂದಿನ ಭಾನುವಾರ ಹೇಳದೆ ಹೋದೆ, ಮಧ್ಯಾಹ್ನ ನಾಲ್ಕಕ್ಕೆ. ಬಾಗಿಲು ಓರೆಯಾಗಿತ್ತು. ದೊಡ್ಡಮ್ಮ ಮಲಗಿದ್ದರು. ಆಚೆ ಬಾಲ್ಕನಿಯಲ್ಲಿ, ಉರಿಬಿಸಿಲಲ್ಲಿ, ದೊಡ್ಡಪ್ಪ ನಿಂತು ಟವೆಲು ಬೀಸುತ್ತಿದ್ದರು. ಚಪ್ಪಾಳೆ ಇಲ್ಲ, ಹುಶ್ ಇಲ್ಲ, ಚೂರೂ ಶಬ್ದವಿಲ್ಲ. ಪಾರಿವಾಳಗಳು ಇಳಿಯಲು ಬಂದು, ಅವರನ್ನು ಕಂಡು ತಿರುಗಿ ಹೋಗುತ್ತಿದ್ದವು.

ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಎರಡು ಗಂಟೆಯಿಂದ ನಿಂತಿದ್ದೇನೆ ಮಗಾ" ಎಂದು ಪಿಸುಗುಟ್ಟಿದರು. "ಐದು ನಿಮಿಷ ನೀನು ನಿಲ್ತೀಯಾ? ಬಾತ್‌ರೂಮಿಗೆ ಹೋಗಿ ಬರ್ತೇನೆ."

ಒಳಗೆ ದೊಡ್ಡಮ್ಮ ಒಮ್ಮೆಯೂ ಕೆಮ್ಮದೆ ನಿದ್ದೆ ಮಾಡುತ್ತಿದ್ದರು. ನಾನು ಟವೆಲು ತೆಗೆದುಕೊಂಡೆ.