ಕುಂಚಿಗೆ ತೊಟ್ಟ ಜೊಂಬಿ

ಸಮಯ: ಸಾಯಂಕಾಲ ಏಳು ಗಂಟೆ. ಹವೆ: ಸೆಕೆ, ಗಾಳಿ ಇಲ್ಲ, ಕರೆಂಟೂ ಇಲ್ಲ. ಹಾಜರಿದ್ದವರು: ನಾನು, ಎದುರು ಮನೆಯ ವಯಸ್ಸಾದ ಆಯಿ, ಮತ್ತು ಒಂದು ಗೇಣು ಎತ್ತರದ ಒಬ್ಬ ಸತ್ತ ಮನುಷ್ಯ. ಮೂವರಲ್ಲಿ ಬೆಳಕು ಕೊಡುತ್ತಿದ್ದವನು ಅವನೊಬ್ಬನೇ.

ನಾನು ಅಫಜಲಪುರ, ಜೇವರ್ಗಿ, ಕೊನೆಗೆ ಆಳಂದದ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ದುಡಿದವಳು. ಆ ಅವಧಿಯಲ್ಲಿ ನನ್ನ ಎದುರು ನಗುವಂಥದ್ದೇನೂ ನಡೆಯಲಿಲ್ಲ. ನಡೆಯುತ್ತಿದ್ದರೂ ನಾನು ಬಾಗಿಲಿಗೆ ಬಂದೊಡನೆ ನಿಲ್ಲುತ್ತಿತ್ತು. ನಿವೃತ್ತಿಯ ನಂತರ ಅಂಥ ಸಂಗತಿಗಳು ಅನುಮತಿ ಕೇಳದೆ ಮನೆಗೇ ಬರತೊಡಗಿವೆ. ಬೇರೆ ಯಾರೂ ಬರುವುದಿಲ್ಲವಾದ್ದರಿಂದ ಅವುಗಳಿಗೆ ಸ್ಥಳಾವಕಾಶವಿದೆ. ಮೇಲಿನ ಸಭೆ ಹೇಗೆ ಕೂಡಿತೆಂಬುದನ್ನು ಕ್ರಮವಾಗಿ ಹೇಳುತ್ತೇನೆ.

೧. ಒಪ್ಪಿಸಿ ಹೋದದ್ದು

ಆಳಂದದ ನನ್ನ ಮನೆಯ ಮುಂದಿನ ಖೋಲಿಯಲ್ಲಿ ಗೊಬ್ಬೂರಿನ ಒಬ್ಬ ಹುಡುಗಿ ಬಾಡಿಗೆಗೆ ಇದ್ದಳು. ಬ್ಯಾಂಕಿನಲ್ಲಿ ಕೆಲಸ. ಚಪ್ಪಲಿ ಜೋಡಿಸಿ ಬಿಡಬೇಕು, ಗೇಟಿನ ಚಿಲಕ ಸದ್ದಾಗದಂತೆ ಹಾಕಬೇಕು, ಫೋನಿನಲ್ಲಿ ಕೂಗಬಾರದು ಎಂಬುದು ನನ್ನ ನಿಯಮ. ಎಲ್ಲವನ್ನೂ ಪಾಲಿಸಿದಳು. ಬೈಯಲು ಒಂದು ಕಾರಣವನ್ನೂ ಕೊಡದ ಮನುಷ್ಯರೊಂದಿಗೆ ಮಾತು ಬೆಳೆಸುವುದು ನನಗೆ ಕಷ್ಟ. ಆದರೂ ಸಂಜೆ ಆಕೆ ಬಂದಾಗ ಎರಡು ಲೋಟ ಚಹಾ ಆಗುತ್ತಿತ್ತು.

ಆಕೆಗೆ ಜೇವರ್ಗಿಗೆ ವರ್ಗವಾಯಿತು. ಹೊರಡುವ ದಿನ ಒಂದು ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಮುಂಭಾಗ ಪಾರದರ್ಶಕ. ಒಳಗೆ ಹರಿದ ಅಂಗಿಯ ಒಬ್ಬ ಗೊಂಬೆ-ಮನುಷ್ಯ. ಕೈಗಳೆರಡೂ ಮುಂದಕ್ಕೆ ಚಾಚಿವೆ, ಒಂದು ಕಣ್ಣು ಕೆಳಗೆ ಜೋತಿದೆ.

"ಯಾರಿವನು?"

"ಜೊಂಬಿರಿ ಅಕ್ಕೋರ. ಸತ್ತು ಎದ್ದು ಬಂದವ."

"ಎದ್ದು ಬಂದು ಏನು ಮಾಡುತ್ತಾನೆ?"

"ಮಂದೀನ್ನ ತಿಂತಾನ್ರಿ. ಹಂಗ ಅಡ್ಡಾಡ್ಕೋತ ಇರ್ತಾನ."

"ಅಂದರೆ ಉದ್ಯೋಗವಿಲ್ಲ."

ಆಕೆ ಇಂಥವನ್ನು ಸಂಗ್ರಹಿಸುವವಳಂತೆ. ಇವನು ಸಂಗ್ರಹದಲ್ಲೆಲ್ಲ ಅಪರೂಪದವನಂತೆ. ಜೇವರ್ಗಿಯ ಖೋಲಿಯಲ್ಲಿ ಬೇರೆ ಹುಡುಗಿಯರೂ ಇರುತ್ತಾರೆ, ಕೈ ಹಚ್ಚುತ್ತಾರೆ. ಹೀಗಾಗಿ ಇಲ್ಲಿರಲಿ ಎಂದಳು. ಷರತ್ತುಗಳನ್ನೂ ಹೇಳಿದಳು: ಬಿಸಿಲಿಗೆ ಇಡಬಾರದು. ದಿನಕ್ಕೊಮ್ಮೆ ಬಲ್ಬಿನ ಬೆಳಕು ತೋರಿಸಿದರೆ ಕತ್ತಲಲ್ಲಿ ಹೊಳೆಯುತ್ತಾನೆ. ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು.

"ಒಮ್ಮಿ ಒಡದ್ರ ಮುಗೀತ್ರಿ, ಕಿಮ್ಮತ್ತಿಲ್ಲ. ಒಡೀಲಾರದ್ದಕ್ಕ ಮರ್ಯಾದಿ."

ತೆರೆಯದೆ ಇಟ್ಟದ್ದಕ್ಕೆ ಮರ್ಯಾದೆ ಎಂಬ ನಿಯಮ ನನಗೆ ಹೊಸದಲ್ಲ. ನನ್ನ ಒಳ್ಳೆಯ ಸೀರೆಗಳೆಲ್ಲ ಅದೇ ನಿಯಮದಡಿ ಕಪಾಟಿನಲ್ಲಿವೆ.

"ಸೂಟಿ ಸಿಕ್ಕಾಗ ಬಂದು ಒಯ್ತೇನ್ರಿ," ಎಂದಳು. ನಾನು ಒಪ್ಪಿದೆ. ವಸ್ತು ಇಲ್ಲಿರುವವರೆಗೆ ಆಕೆ ಒಮ್ಮೆಯಾದರೂ ಬರಲೇಬೇಕು. ಸರಳ ಲೆಕ್ಕ. ಹೋಗುವಾಗ ನನ್ನ ಕಾಲು ಮುಟ್ಟಿ, ಪೆಟ್ಟಿಗೆಯತ್ತ ತಿರುಗಿ, "ಅಕ್ಕೋರ ಮಾತ ಕೇಳ್ಕೊಂಡಿರು," ಎಂದಳು.

ನನ್ನ ವೃತ್ತಿಜೀವನದಲ್ಲಿ ಹೇಳಿದ ಮಾತನ್ನು ಇಷ್ಟು ಪೂರ್ತಿಯಾಗಿ ಕೇಳಿದವನು ಇನ್ನೊಬ್ಬನಿಲ್ಲ.

೨. ಹಾಲಿನವನ ಸಂದೇಹ

ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟೆ. ನಮ್ಮ ಹಾಲಿನವನು ನಸುಕಿನಲ್ಲಿ ಬರುತ್ತಾನೆ. ಈಗ ಮೊಮ್ಮಕ್ಕಳಿರುವವನು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ತಡವಾಗಿ ಬಂದವರು ಕೈ ಮುಂದೆ ಚಾಚಿ ನಿಲ್ಲಬೇಕೆಂಬುದು ನನ್ನ ಶಾಲೆಯ ಪದ್ಧತಿಯಾಗಿತ್ತು. ಅವನು ಅದನ್ನು ಬಹಳ ಪಾಲಿಸಿದ್ದ.

ಒಂದು ದಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಕರೆಂಟು ಹೋಯಿತು. ಹಾಲು ಪಾತ್ರೆಯನ್ನು ಬಿಟ್ಟು ನನ್ನ ಪಾದದ ಮೇಲೆ ಬೀಳತೊಡಗಿತು.

"ಕಣ್ಣು ಎಲ್ಲಿದೆ?" ಎಂದೆ.

ಅವನ ಕಣ್ಣು ನನ್ನ ಹೆಗಲ ಹಿಂದೆ ಇತ್ತು. "ಅಕ್ಕೋರ, ಒಳಗ ಯಾರ ಅದಾರ್ರಿ?"

"ಯಾರೂ ಇಲ್ಲ."

"ಹಸರ ಮನಶ್ಯಾ ಒಬ್ಬ ನಿಂತಾನಲ್ರಿ. ಕೈ ಮುಂದ ಮಾಡ್ಕೊಂಡು."

"ಅದು ಬಾಡಿಗೆಯವಳ ಸಾಮಾನು. ನೀನು ಹಾಲು ಹಾಕು."

ಅವನು ಹಾಲು ಹಾಕಿದ. ಕ್ಯಾನಿನ ಮುಚ್ಚಳ ಬಿಗಿದ. ಗೇಟಿನವರೆಗೆ ಹೋದವನು ತಿರುಗಿ ನಿಂತು ಬಹಳ ಮೆತ್ತಗೆ ಕೇಳಿದ:

"ಪಾಪ, ಅವಂಗ ಇನ್ನಾ ಕೈ ಇಳಸಂತ ಹೇಳಿಲ್ಲೇನ್ರಿ?"

೩. ಅಫಜಲಪುರದಿಂದ ಫೋನು

ಹಾಲಿನವನು ಮನೆಮನೆಗೆ ಹೋಗುವ ಮನುಷ್ಯ. ಸುದ್ದಿಯೂ ಅವನೊಂದಿಗೆ ಹೋಯಿತು. ಹೋದಂತೆ ಅದರ ಆಕಾರ ಬದಲಾಯಿತು. ಅಫಜಲಪುರದಲ್ಲಿ ನನ್ನೊಂದಿಗೆ ಕೆಲಸ ಮಾಡಿದ ಹೊಲಿಗೆ ಶಿಕ್ಷಕಿ, ನಿವೃತ್ತಿಯ ನಂತರ ಒಮ್ಮೆಯೂ ಫೋನು ಮಾಡದವರು, ಒಂದು ದಿನ ಮಾಡಿದರು.

"ಅರಾಮ ಅದೀರೇನ್ರಿ ಅಕ್ಕೋರ? ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಯಾರನ್ನೋ ಇಟ್ಕೊಂಡೀರಂತ?"

"ಹೌದು."

"ಛಲೋ ಆತ್ ಬಿಡ್ರಿ. ಈ ವಯಸ್ಸಿನಾಗ ಒಬ್ಬರಿಗೊಬ್ಬರು ಬೇಕಽ ಬೇಕು. ಏನ್ ಮಾಡ್ತಾರ?"

"ಏನೂ ಇಲ್ಲ. ಸತ್ತಿದ್ದಾನೆ."

"ಅಯ್ಯ ಶಿವನ. ಬಾಳ ಕೆಟ್ಟ ಆತ್ರಿ. ಯಾವಾಗ?"

"ಬರುವ ಮೊದಲೇ."

ವಿಷಯವನ್ನು ವಿವರಿಸಿದೆ. ಅವರು ಬಹಳ ನಕ್ಕರು. ನಂತರ ಇಬ್ಬರೂ ಅಫಜಲಪುರದ ಹಳೆಯ ದಿನಗಳ ಬಗ್ಗೆ ಕಿವಿ ಬಿಸಿಯಾಗುವವರೆಗೆ ಮಾತನಾಡಿದೆವು. ಫೋನು ಇಟ್ಟ ಮೇಲೆ ಗೂಡಿನತ್ತ ನೋಡಿ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬಲ್ಬಿನ ಬೆಳಕು ತೋರಿಸಿದೆ. ಒಳ್ಳೆಯ ಕೆಲಸಕ್ಕೆ ಬಹುಮಾನ ಕೊಡುವುದು ನನ್ನ ಪದ್ಧತಿಯಲ್ಲ, ಇದೊಂದು ಅಪವಾದ.

೪. ಆಯಿಯ ಸಿದ್ಧಾಂತ

ಎದುರು ಮನೆಯ ಆಯಿ ನನ್ನ ಹೊಸ್ತಿಲು ದಾಟದೆ ಬಹಳ ಕಾಲವಾಗಿತ್ತು. ಅವರ ಬಚ್ಚಲ ನೀರು ರಸ್ತೆಗೆ ಹರಿಯುವುದನ್ನು ನಾನು ಆಕ್ಷೇಪಿಸಿದ್ದೆ. ಸುದ್ದಿ ಕೇಳಿ ತಡೆಯಲಾಗದೆ ಬಂದರು. ಮೊದಲು ಹೇಳಿದ ಸಭೆ ಅದೇ. ಕತ್ತಲಲ್ಲಿ ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದು ಕುಳಿತು ಅವನನ್ನು ಪರೀಕ್ಷಿಸಿದರು.

"ಸತ್ತವ ಯಾಕ ಎದ್ದಾನ್ರಿ?"

"ಅದು ಕಥೆ. ಪರದೇಶದ ಕಲ್ಪನೆ."

"ಕಲ್ಪನಾ ಅಲ್ರಿ, ಕಾರಣ ಅದ. ಅವರು ಮಲಗಿಸಿ ಹೂಳ್ತಾರ. ಮಲಗಿ ಮಲಗಿ ಬೆನ್ನ ಹಿಡೀತದ, ಏಳ್ತಾನ. ನಮ್ಮೊಳಗ ನೋಡ್ರಿ, ಇಭೂತಿ ಹಚ್ಚಿ ಪದ್ಮಾಸನ ಹಾಕಿ ಕುಂದ್ರಿಸಿ ಮಣ್ಣ ಕೊಡ್ತೀವಿ. ಅರಾಮ ಕುಂತಿರ್ತಾರ. ಇಷ್ಟ ವರ್ಷದಾಗ ಒಬ್ಬರರೆ ಎದ್ದು ಬಂದಾರೇನು?"

ಯಾರೂ ಎದ್ದು ಬಂದಿಲ್ಲ ಎಂಬುದು ನಿಜ.

ಮರುದಿನವೂ ಕರೆಂಟು ಹೋಯಿತು, ಆಯಿ ಬಂದರು. ಎರಡನೆಯ ಕುರ್ಚಿಯನ್ನು ಒರೆಸಿಟ್ಟೆ. ಧೂಳು ಆರೋಗ್ಯಕ್ಕೆ ಒಳ್ಳೆಯದಲ್ಲ. ಮೂರನೆಯ ದಿನ ಕರೆಂಟು ಹೋಗಲಿಲ್ಲ. ಏಳು ದಾಟಿತು. ಎದುರು ಮನೆಯಿಂದ ಯಾರೂ ಬರಲಿಲ್ಲ. ನಾನು ಎದ್ದು ಮೇನ್ ಸ್ವಿಚ್ ಇಳಿಸಿದೆ. ವಿದ್ಯುತ್ ಉಳಿತಾಯ ಉತ್ತಮ ಅಭ್ಯಾಸ. ಸ್ವಲ್ಪ ಹೊತ್ತಿನಲ್ಲಿ ಆಯಿ ಬಂದರು. ಹೀಗೆ ಹಲವು ಸಂಜೆ ನಡೆಯಿತು.

ಒಂದು ಸಂಜೆ ಆಯಿ ಚಹಾ ಮುಗಿಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು:

"ನಿಮ್ಮ ಮನೀದು ವಿಚಿತ್ರ ಕರೆಂಟ್ ನೋಡ್ರಿ ಅಕ್ಕೋರ. ನಮ್ಮ ಮನ್ಯಾಗ ಫ್ಯಾನ್ ತಿರಗಾಕತ್ತಿರ್ತದ, ನಿಮ್ಮಲ್ಲಿ ಅದು ನನ್ನ ಹಾದಿ ನೋಡಿ ಹೋಗ್ತದ."

೫. ಸಂಸ್ಕಾರ ಮತ್ತು ವಿಚಾರಣೆ

ಕೊನೆಗೆ ಹುಡುಗಿಯ ಫೋನು ಬಂತು. ಕಲಬುರಗಿಯಲ್ಲಿ ಸಂಗ್ರಹಕಾರನೊಬ್ಬ ಆ ಜೊಂಬಿಯನ್ನು ಕೇಳಿದ್ದಾನೆ, ಬದಲಿಗೆ ಇನ್ನೊಂದು ಅಪರೂಪದ್ದನ್ನು ಕೊಡುತ್ತಾನೆ, ರವಿವಾರ ಬಂದು ಒಯ್ಯುತ್ತೇನೆ ಎಂದಳು. "ಸರಿ" ಎಂದೆ. ಬೇರೆ ಏನನ್ನೂ ಹೇಳುವ ಹಕ್ಕು ನನಗಿರಲಿಲ್ಲ. ಆಕೆ ಬರುತ್ತಾಳೆ ಎಂಬುದು ಸಂತೋಷ. ಬಂದು ಒಯ್ದ ಮೇಲೆ ಬರಲು ಕಾರಣವಿಲ್ಲ ಎಂಬುದನ್ನೂ ಅದೇ ಕ್ಷಣದಲ್ಲಿ ಲೆಕ್ಕ ಹಾಕಿದೆ.

ಶನಿವಾರ ಮಾದನಹಿಪ್ಪರಗಾದಲ್ಲಿ ಹಳೆಯ ವಿದ್ಯಾರ್ಥಿನಿಯ ಮಗಳ ಮದುವೆ. ಗಿಡಗಳಿಗೆ ನೀರು ಹಾಕಲೆಂದು ಕೀಲಿಯನ್ನು ಆಯಿಗೆ ಕೊಟ್ಟು ಹೋದೆ. ನಾಳೆ ಗೊಂಬೆ ಹೋಗುತ್ತದೆ ಎಂಬುದನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತು.

ಸಂಜೆ ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಗೂಡಿನಲ್ಲಿ ಜೊಂಬಿ ಪದ್ಮಾಸನ ಹಾಕಿ ಕುಳಿತಿದ್ದ. ಅವನ ಕೀಲುಗಳು ಅಷ್ಟು ಮಣಿಯುತ್ತವೆಂದು ನನಗೆ ಗೊತ್ತಿರಲಿಲ್ಲ. ಹಣೆಗೆ ಮೂರೆಳೆ ವಿಭೂತಿ. ತಲೆಯಿಂದ ಬೆನ್ನಿನವರೆಗೆ ಕೂಸುಗಳಿಗೆ ತೊಡಿಸುವಂಥ ಕುಂಚಿಗೆ, ಇಳಕಲ್ ಸೆರಗಿನ ತುಂಡಿನದು, ಅಂಚಿಗೆ ಹೊಳೆಯುವ ಟಿಕಳಿ.

"ಏನಿದು?" ಎಂದು ಬಾಗಿಲಲ್ಲಿ ನಿಂತಿದ್ದ ಆಯಿಯನ್ನು ಕೇಳಿದೆ.

"ಪರ ಊರಿಗೆ ಹೊಂಟವ, ಹರಕ ಅಂಗಿ ಮ್ಯಾಲ ಕಳಿಸ್ತೀರೇನ್ರಿ? ನೋಡಿದವರು ಏನಂತಾರ? ಇನ್ನ ಎಷ್ಟಂತ ಅಡ್ಡಾಡ್ತಾನ, ಕುಂದ್ರಲಿ ಅಂತ ಕುಂದ್ರಿಸೀನಿ. ಈಗ ಶಾಂತ ಆದ."

"ಪೆಟ್ಟಿಗೆ ತೆರೆಯಬಾರದೆಂದು ಹೇಳಿದ್ದೆನಲ್ಲ."

"ತೆರೀಲಾರದ ಅಂಗಿ ಹೆಂಗ ತೊಡಸ್ಲಿ?"

ರವಿವಾರ ಹುಡುಗಿ ಬಂದಳು. ಚಪ್ಪಲಿ ಜೋಡಿಸಿ ಬಿಟ್ಟಳು. ಆಯಿ ಅವಳಿಗಿಂತ ಮೊದಲೇ ಬಂದು ಕುರ್ಚಿ ಹಿಡಿದಿದ್ದರು. ನಾನು ಎದ್ದು ನಿಂತು ಹೇಳಿದೆ: "ನಿನ್ನ ವಸ್ತುವಿನ ಷರತ್ತು ಮುರಿದಿದೆ. ಕೀಲಿ ಕೊಟ್ಟವಳು ನಾನು. ಜವಾಬ್ದಾರಿ ನನ್ನದು."

ಆಕೆ ಗೂಡಿನತ್ತ ನೋಡಿದಳು. ಹತ್ತಿರ ಹೋಗಿ ಕುಂಚಿಗೆಯ ಒಳಗೆ ಇಣುಕಿದಳು. ಬಹಳ ಹೊತ್ತು ಬೆನ್ನು ತಿರುಗಿಸಿಯೇ ನಿಂತಳು, ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದು ನಾನು ನೀರಿನ ಲೋಟ ತಂದೆ. ತಿರುಗಿದಾಗ ನಗು ತಡೆದು ಮುಖ ಕೆಂಪಾಗಿತ್ತು.

"ಕಲಬುರಗಿಯಂವಾ ಇನ್ನ ಇದನ್ನ ಮುಟ್ಟಂಗಿಲ್ರಿ ಅಕ್ಕೋರ."

"ನಷ್ಟವಾಯಿತು."

"ಆತ್ರಿ. ಆದ್ರ ಇಭೂತಿ ಹಚಗೊಂಡ ಜೊಂಬಿ ಜಗತ್ತಿನಾಗ ಇದೊಂದ ಇರಬೇಕು. ನಾನಽ ಇಟ್ಕೋತೇನ್ರಿ. ಜೇವರ್ಗಿಗೆ ಒಯ್ತೇನಿ."

"ಒಯ್ಯಿ. ವಸ್ತು ನಿನ್ನದು," ಎಂದು ಹಳೆಯ ಪತ್ರಿಕೆ, ಸುತಳಿ ತಂದೆ. ಪತ್ರಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದೆ, ಕೂಡಲಿಲ್ಲ. ಬಿಚ್ಚಿ ಮತ್ತೆ ಮಡಿಸಿದೆ. ಸುತಳಿಯ ಗಂಟು ನಿಲ್ಲಲಿಲ್ಲ. ಇಡೀ ಜಿಲ್ಲೆಗೆ ಪರೀಕ್ಷೆಯ ಬಂಡಲು ಕಟ್ಟಿ ಕಳಿಸಿದ ಕೈ ಇದು. ಹುಡುಗಿ ನನ್ನ ಕೈ ನೋಡುತ್ತಿದ್ದಳು. ಆಯಿಯೂ ನೋಡುತ್ತಿದ್ದರು. ಬಳಿಕ ಅವರು ಎದ್ದು ಬಂದು, ನನ್ನ ಕೈಯಿಂದ ಪೊಟ್ಟಣ ಕಿತ್ತು, ಸುತಳಿ ಬಿಚ್ಚಿ, ಜೊಂಬಿಯನ್ನು ಮತ್ತೆ ಗೂಡಿನಲ್ಲಿ ಕೂರಿಸಿ, ಕುಂಚಿಗೆ ಸರಿಪಡಿಸಿ, ಹುಡುಗಿಯತ್ತ ತಿರುಗಿ ಕಡೆಯ ತೀರ್ಪು ಕೊಟ್ಟರು:

"ಇಂವಾ ಇಲ್ಲೇ ಇರ್ತಾನ ಬೇ. ನಿನಗ ನೋಡಬೇಕಂತ ಅನ್ಸಿದಾಗ ಬಂದು ನೋಡ್ಕೊಂಡು ಹೋಗು. ಇವನ್ನ ಒಯ್ದಿ ಅಂದ್ರ ಈ ಮನ್ಯಾಗ ಸತ್ತವರಂತ ಅಕ್ಕೋರ ಒಬ್ಬರಽ ಉಳೀತಾರ."