ಮಾವನ ಕ್ಲಚ್ಚು, ಅತ್ತೆಯ ಕಾಲು

ನಮ್ಮ ಸೋದರಮಾವನ ಬಗ್ಗೆ ನಾನು ನಿರ್ಭಯವಾಗಿ ಬರೆಯಬಹುದು. ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ಹುಟ್ಟಿ ಅಲ್ಲೇ ಪವರ್‌ಲೂಮ್ ಓಡಿಸಿದ ಅವರು ಮನೆಯೊಳಗೆ ಕನ್ನಡ ಮಾತಾಡುತ್ತಾರೆ. ಓದುವುದು ಮಾತ್ರ ತಮಿಳು. ಆದ್ದರಿಂದ ಒಂದು ಮಹಾಸತ್ಯವನ್ನು ಹೇಳಿಬಿಡುತ್ತೇನೆ: ಆ ಊರಿನ ಮೆಕ್ಯಾನಿಕ್ಕುಗಳ ಅರ್ಧ ಸಂಸಾರ ನಡೆಯುತ್ತಿರುವುದೇ ಮೆಕ್ಯಾನಿಕ್ಕನ್ನು ಕರೆಯುವುದಿಲ್ಲವೆಂಬ ಮಾವನ ಹಠದಿಂದ. ಅವರು ಕೈಯಿಟ್ಟ ಮೇಲೆ ರಿಪೇರಿ ದೊಡ್ಡದಾಗುತ್ತದೆ ನೋಡಿ!

ಒಮ್ಮೆ ಮಿಕ್ಸಿ ಬಿಚ್ಚಿ ಜೋಡಿಸಿದರು. ಅದು ಚಟ್ನಿ ಅರೆಯುವ ಬದಲು ಮುಚ್ಚಳವನ್ನು ಸೂರಿಗೆ ಹಾರಿಸಿತು. “ಮೋಟಾರಿಗೆ ಬಲ ಬಂದದೆ” ಅಂದರು ಮಾವ, ಮೀಸೆಯ ಮೇಲಿನ ಕೊತ್ತಂಬರಿ ಒರೆಸಿಕೊಳ್ಳುತ್ತ.

ಈ ವರ್ಷ ಅತ್ತೆಯ ಎಡ ಮಂಡಿಗೆ ಆಪರೇಷನ್ ಆಯಿತು. ದಿನಾ ಕಾಲು ಮಡಚಿ ಚಾಚಬೇಕು, ಇಲ್ಲದಿದ್ದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು. ಅತ್ತೆ ಕೇಳಬೇಕಲ್ಲ? ವ್ಯಾಯಾಮ ಮಾಡಿಸಲು ಬಂದ ಹುಡುಗಿಗೆ ಕಾಫಿ ಕೊಟ್ಟು, ಮದುವೆ ಯಾವಾಗ ಎಂದು ವಿಚಾರಿಸಿ, ಕಳಿಸಿಬಿಟ್ಟರು. ಗೋಡೆ ಹಿಡಿದು ಅಡುಗೆಮನೆಗೆ, ಗೋಡೆ ಹಿಡಿದು ಹಾಸಿಗೆಗೆ. ಮಾವನ ಮುಖ ದಿನೇದಿನೇ ಸಣ್ಣಗಾಯಿತು.

ಅಷ್ಟರಲ್ಲಿ ಮಾವನ ಹಳೇ ಕಾರಿನ ಕ್ಲಚ್ಚೂ ಮಂಡಿಯೂರಿತು. ತುಳಿದರೆ ಪೆಡಲು ನೆಲಕ್ಕೆ ಬಿದ್ದು ಮೇಲೇಳಲೊಲ್ಲದು. ಮಾವ ಸವೆದ ರಬ್ಬರು ಬದಲಿಸಿ ಹೊಸ ಎಣ್ಣೆ ತುಂಬಿದರು. ಉಳಿದದ್ದು ಪೈಪಿನೊಳಗಿನ ಗಾಳಿ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲು ತುಳಿದು ಹಿಡಿಯಬೇಕು. ಇನ್ನೊಬ್ಬರು ಕಾರಿನಡಿ ಮಲಗಿ ನಟ್ಟು ಸಡಿಲಿಸಿ, ಎಣ್ಣೆಯ ಜೊತೆ ಗಾಳಿಯನ್ನು ಉಪ್ಪಿನಕಾಯಿ ಬಾಟಲಿಗೆ ಇಳಿಸಿ, ಮತ್ತೆ ಬಿಗಿಯಬೇಕು. ಬಿಗಿಯುವ ಮುಂಚೆ ಕಾಲೆತ್ತಿದರೆ ಹೋದ ಗಾಳಿ ವಾಪಸ್ಸು.

ತುಳಿಯಲು ಮಾವ ಕರೆದದ್ದು ಅತ್ತೆಯನ್ನು!

ನಾನು ನೋಡಹೋದಾಗ ಈ ಯಜ್ಞ ಶುರುವಾಗಿ ವಾರ ಕಳೆದಿತ್ತು. ಅತ್ತೆ ಚಿಕ್ಕಂದಿನಲ್ಲಿ ಗುಂಡಿಮಗ್ಗ ನೇಯ್ದವರು. ಆ ಕಾಲಿಗೆ ತುಳಿಯುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ.

“ತುಳಿ,” ಕಾರಿನಡಿಯಿಂದ ಅಪ್ಪಣೆ. “ಹಿಡ್ಕೋ... ಬಿಟ್ಟೆಯಲ್ಲೇ! ಇದೇನು ಸೀರೆ ನೇಯ್ತಾ ಇದ್ದೀಯಾ?”

“ಎನ್ನಂಗ, ಸೀರೆಯಾಗಿದ್ರೆ ಇಷ್ಟೊತ್ತಿಗೆ ಸೆರಗೇ ಮುಗೀತಿತ್ತು,” ಅಂದರು ಅತ್ತೆ. ಅವರು ಗಂಡನನ್ನು ಕರೆಯುವುದು ತಮಿಳಿನಲ್ಲಿ, ಕುಟುಕುವುದು ಕನ್ನಡದಲ್ಲಿ.

“ನಾನು ತುಳೀತೀನಿ, ಮಾವ” ಅಂದೆ.

“ನಿಂದು ಬ್ಯಾಂಕಿನ ಕಾಲು. ಆಗಲ್ಲ.”

ಅವಮಾನ ನುಂಗಿಕೊಂಡು ಬಾಗಿ ನೋಡಿದೆ. ಬಾಟಲಿಗೆ ಇಳಿಯುತ್ತಿದ್ದ ಎಣ್ಣೆ ತಿಳಿಯಾಗಿತ್ತು. ಒಂದು ಗುಳ್ಳೆಯೂ ಇಲ್ಲ.

“ಮಾವ, ಗಾಳಿ ಎಲ್ಲಿದೆ?”

ಮಾವ ಸ್ಪ್ಯಾನರನ್ನು ತುಟಿಗೆ ಅಡ್ಡ ಹಿಡಿದರು. “ಸುಮ್ನಿರಪ್ಪ. ಡಾಕ್ಟರು ಹೇಳಿದ್ರೆ ಮಡಚಲ್ಲ, ನಾ ಹೇಳಿದ್ರೆ ಮೊದಲೇ ಮಡಚಲ್ಲ. ಕಾರು ಹೇಳಿದ್ರೆ ಮಡಚ್ತಾಳೆ.” ಆಮೇಲೆ ಊರಿಗೆಲ್ಲ ಕೇಳುವಂತೆ: “ಗಾಳಿ ಇನ್ನೂ ಬೇಕಾದಷ್ಟದೆ. ತುಳಿ!”

ಕಾಫಿಗೆ ವಿರಾಮ ಸಿಕ್ಕಿತು. ಅಡುಗೆಮನೆಯಲ್ಲಿ ಲೋಟ ಕೊಡುತ್ತ ಅತ್ತೆ ತಗ್ಗಿದ ದನಿಯಲ್ಲಿ ಅಂದರು, “ಕ್ಲಚ್ಚು ಮೂರನೇ ದಿನಾನೇ ಸರಿಹೋಯ್ತು ಕಣಪ್ಪ. ಮಗ್ಗ ತುಳಿದ ಕಾಲು ಇದು. ಬಿಗಿ ಯಾವುದು, ಸಡಿಲ ಯಾವುದು ಅಂತ ಇದಕ್ಕೆ ತಿಳಿಯಲ್ವಾ?”

“ಮತ್ತೆ ಯಾಕತ್ತೆ ತುಳೀತೀರಿ?”

“ಈ ವಯಸ್ಸಲ್ಲಿ ನನಗೋಸ್ಕರ ದಿನಾ ನೆಲದ ಮೇಲೆ ಮಲಗ್ತಾರೆ. ತುಳಿಯದೇ ಇರಕ್ಕಾಗುತ್ತಾ? ನನಗೆ ಗೊತ್ತು ಅಂತ ಮಾತ್ರ ಹೇಳಬೇಡ. ಪಾಪ, ಬೇಜಾರು ಮಾಡ್ಕೋತಾರೆ.”

ಹೊರಗಿಂದ ಕೂಗು ಬಂತು: “ಬರ್ತೀಯೋ ಇಲ್ವೋ? ಗಾಳಿ ಸೇರ್ಕೊಳ್ತದೆ!”

“ಬಂದೇಂಗ” ಅಂತ ಅತ್ತೆ ಹೊರಟರು. ಬಾಗಿಲು ದಾಟುವಾಗ ನೋಡಿದೆ. ಕೈ ಗೋಡೆಯ ಮೇಲಿರಲಿಲ್ಲ, ಸೆರಗಿನ ಮೇಲಿತ್ತು.

ಅತ್ತೆಗೂ ಕನ್ನಡ ಓದಲು ಬರುವುದಿಲ್ಲ. ನೀವು ಆ ಕಡೆ ಹೋದರೆ ದಯವಿಟ್ಟು ಇಬ್ಬರಿಗೂ ಓದಿ ಹೇಳಬೇಡಿ.